ಮಾಳಿಗೆ ಮೇಲೆ ದುರ್ಬೀನು

ಜನವರಿ 14, 2025, ಸಂಕ್ರಾಂತಿ. ಹೊಸಹಳ್ಳಿ
ಸಂಜೆ 7. ಎಳ್ಳುಬೆಲ್ಲ ಕೊಡಲು ಬಂದ ಮಕ್ಕಳು ಮಾಳಿಗೆ ಇಳಿಯಲೇ ಇಲ್ಲ. ಗೆಳತಿ ಕೊಟ್ಟುಹೋದ ಟೆಲಿಸ್ಕೋಪ್: ನಾಲ್ಕೂವರೆ ಇಂಚಿನ ಕನ್ನಡಿ, ಒಂದು ಕಾಲಿನ ತಿರುಪು ಸಡಿಲ. ಫೆಬ್ರವರಿ ಕೊನೆಗೆ ವಾಪಸ್ ಕೊಡಬೇಕು.

ಮೊದಲು ಬೆಳ್ಳಿಚುಕ್ಕಿಗೆ ತಿರುಗಿಸಿದೆ. "ಮೇಡಂ, ಇದು ಚಂದ್ರ ಐತಿ. ಅರ್ಧ ಚಂದ್ರ." ಶುಕ್ರ ಅಂದರೆ ಒಬ್ಬರೂ ನಂಬಲಿಲ್ಲ. ಅಷ್ಟರಲ್ಲಿ ಚಂದ್ರ ಪೂರ್ವಕ್ಕೆ ದುಂಡಗೆ ಎದ್ದ. ಆಮೇಲೆ ಸುಮ್ಮನಾದರು. 1610ರಲ್ಲಿ ಗೆಲಿಲಿಯೋ ಕಂಡದ್ದೂ ಇದನ್ನೇ. ಶುಕ್ರನಿಗೂ ಕಲೆ ಏರಿಳಿಯುತ್ತದೆ, ಹಾಗಾಗಿ ಅದು ಸುತ್ತುವುದು ಸೂರ್ಯನನ್ನೇ. ಈ ಸಾಲನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ! ನೋಡಿದ್ದು ಇವತ್ತು.

ಜನವರಿ 18, ಶನಿವಾರ
ಶುಕ್ರ, ಶನಿ ಇವತ್ತು ಅಕ್ಕಪಕ್ಕ. ಹುಡುಗರ ಸಾಲು ಮೆಟ್ಟಿಲ ತನಕ. ಎಲ್ಲರಿಗೂ ಉಂಗುರ ಬೇಕು.

ಉಂಗುರ ಇಲ್ಲ. ಇದೆ, ಆದರೆ ಗೆರೆ. ಎಂಟನೇ ತರಗತಿಯ ಒಬ್ಬ ಹುಡುಗಿ ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಬಟಾಣಿಗೆ ಸೂಜಿ ಚುಚ್ಚಿದಂಗೈತಿ" ಅಂದಳು. ಹಿಂದಿದ್ದವನು: "ಪುಸ್ತಕದಾಗ ದೊಡ್ಡದು ಹಾಕ್ಯಾರಲ್ಲ, ಮೋಸ." ಮೋಸ ಅಲ್ಲ. ಹದಿನೈದು ವರ್ಷಕ್ಕೊಮ್ಮೆ ಉಂಗುರದ ಅಂಚು ನಮ್ಮ ಕಡೆ ತಿರುಗುತ್ತದೆ. ಅಗಲ ಎರಡೂಮುಕ್ಕಾಲು ಲಕ್ಷ ಕಿ.ಮೀ., ದಪ್ಪ ಹೆಚ್ಚಿನ ಕಡೆ ಹತ್ತಾರು ಮೀಟರ್ ಮಾತ್ರ. ಈ ಸಲದ ಸರದಿ ಮಾರ್ಚ್ 23. ಆಗ ಶನಿ ಸೂರ್ಯನ ಪಕ್ಕದಲ್ಲೇ ಇರುತ್ತದೆ, ನಮಗೆ ನೋಡಲು ಸಿಗುವುದಿಲ್ಲ.

ಪುಸ್ತಕವನ್ನು ತಪ್ಪು ಅನ್ನಬಹುದು ಅನ್ನೋದು ಆ ಹುಡುಗನಿಗೆ ಇವತ್ತು ಗೊತ್ತಾಯಿತು. ತಪ್ಪು ಪುಸ್ತಕದ್ದಲ್ಲ ಅಂತ ವಿವರಿಸಿದೆ. ಯಾಕಾದರೂ ವಿವರಿಸಿದೆನೋ.

ಜನವರಿ 21
"ಹತ್ತನೇ ಕ್ಲಾಸಿಗೆ ಪಾಸಿಂಗ್ ಪ್ಯಾಕೇಜ್ ಮಾಡ್ರಿ, ಚುಕ್ಕಿ ಆಮೇಲೆ ಎಣಿಸಿದ್ರಾತು." ಸ್ಟಾಫ್ ಸಭೆಯಲ್ಲಿ ಒಬ್ಬರು ಹೀಗಂದರು, ಎಲ್ಲರಿಗೂ ನಗು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸಿಟ್ಟು.

ಮನೆಯವರದು ದಾವಣಗೆರೆಯಿಂದ ಫೋನು, ದಿನದ ಅದೇ ಪ್ರಶ್ನೆ: ವರ್ಗಾವಣೆಗೆ ಅರ್ಜಿ ಹಾಕಿದೆಯಾ? ನೋಡೋಣ ಅಂದೆ.

ಜನವರಿ 26, ರಾತ್ರಿ
ಪಕ್ಕದ ಮನೆ ಅಜ್ಜ ಕಂಬಳಿ ಹೊದ್ದು ಹತ್ತಿ ಬಂದರು. ಶೇಂಗಾ ಬಿತ್ತಿ ಬದುಕಿದವರು. ಮಳೆ ನಕ್ಷತ್ರ ಇಪ್ಪತ್ತೇಳೂ ಬಾಯಿಪಾಠ.

"ಟೀಚರಮ್ಮ, ಆರಿದ್ರಾ ತೋರಿಸು ನೋಡೋಣ."

ತೋರಿಸಿದೆ. ಆಗ್ನೇಯಕ್ಕೆ ಕೆಂಪಗೆ ಉರಿಯುತ್ತಿತ್ತು. ಅಜ್ಜ ನಂಬಲಿಲ್ಲ. "ಆರಿದ್ರಾ ಇರೋದು ಮುಂಗಾರಿನಾಗ. ಚಳಿಗಾಲದಾಗ ಇಲ್ಲೇನು ಕೆಲಸ ಅದಕ್ಕ?"

ಒಳ್ಳೆಯ ಪ್ರಶ್ನೆ. ಆರಿದ್ರಾ ಮಳೆ ಅಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಜೂನ್ ಕೊನೆಯ ದಿನಗಳು. ಆಗ ಚುಕ್ಕಿ ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ತನ್ನ ಮಳೆಯಲ್ಲಿ ತಾನು ಕಾಣುವುದಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ವರ್ಷವರ್ಷ ಹೆಸರು ಹೇಳಿ ಬಿತ್ತಿದ್ದಾರೆ, ಮುಖ ನೋಡಿಲ್ಲ.

ಕಣ್ಣು ಹಚ್ಚಿದರು. "ಚುಕ್ಕಿ ಚುಕ್ಕಿನೇ ಐತಲ್ಲ. ಇದಕ್ಕ ಇಷ್ಟು ದೊಡ್ಡ ಕೊಳವಿ ಯಾಕ?" ನಿಜವೇ. ಬಣ್ಣ ಗಾಢವಾಗುತ್ತದೆ, ಗಾತ್ರ ಹೆಚ್ಚುವುದಿಲ್ಲ. ಸೂರ್ಯನಿಗಿಂತ ನೂರಾರು ಪಟ್ಟು ಅಗಲದ ನಕ್ಷತ್ರ, ಆದರೂ ದೂರ ಐನೂರರಿಂದ ಏಳುನೂರು ಜ್ಯೋತಿರ್ವರ್ಷ. ಟೆಲಿಸ್ಕೋಪಿನ ಮುಖ್ಯ ಕೆಲಸ ದೊಡ್ಡದು ಮಾಡುವುದಲ್ಲ, ಬೆಳಕು ಕೂಡಿಸುವುದು ಅಂದೆ. ಅಜ್ಜ ತಲೆಯಾಡಿಸಿದರು. ಒಪ್ಪಿದ್ದೋ, ಚಳಿಗೋ.

ಜನವರಿ 29, ಅವರಾತ್ರಿ ಅಮಾವಾಸ್ಯೆ
ಕತ್ತಲು ಚೆನ್ನಾಗಿದೆ. ಹೈವೇ ದೀಪ, ಗಾಳಿಯಂತ್ರಗಳ ಕೆಂಪು ಮಿಣುಕು ಬಿಟ್ಟರೆ. ಓರಿಯನ್ ನೀಹಾರಿಕೆ ಹೊಗೆಯಂತೆ ಕಂಡಿತು. ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಉಂಟು.

ಅಜ್ಜ 1980ರ ಗ್ರಹಣ ತೆಗೆದರು. ಫೆಬ್ರವರಿ 16, ಮಧ್ಯಾಹ್ನ. "ಬಾಗಿಲು ಹಾಕ್ಕೊಂಡು ಒಳಗ ಕುಂತಿದ್ವಿ. ಕೋಳಿ ಗೂಡು ಸೇರಿದ್ವು." ಅದೇ ದಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಆ ಕೆಲವೇ ನಿಮಿಷಕ್ಕೆ ಕಾದಿದ್ದರು. ಅದಕ್ಕೂ ಹಿಂದೆ, 1868ರ ಆಗಸ್ಟ್ 18ರ ಗ್ರಹಣಕ್ಕೆ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ. ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿದ. ಬಿಡಿಬಿಡಿ ಹೊಳೆವ ಗೆರೆಗಳು. ಅಂದರೆ ಜ್ವಾಲೆ ಅನಿಲ.

ನಮ್ಮ ಬಿಸಿಲಲ್ಲಿ, ನಮ್ಮ ಕಪ್ಪುನೆಲದಲ್ಲಿ ನಿಂತು ಅಷ್ಟು ದೂರದವನು ನೋಡಿ ಹೋದ. ಬಾಗಿಲು ಹಾಕಿಕೊಂಡವರ ಮೇಲೆ ಸಿಟ್ಟು ಬರಬೇಕು. ಅಜ್ಜನ ಮೇಲೆ ಬರುವುದಿಲ್ಲ. ಹೊರಗೆ ಬಾ, ಹೀಗೆ ನೋಡು ಅಂತ ಅವರಿಗೆ ಹೇಳಿದವರಾದರೂ ಯಾರು?

ಫೆಬ್ರವರಿ 7
ಗಾಳಿ. ಕೊಳವೆ ನಿಲ್ಲುವುದಿಲ್ಲ, ಗುರು ಕುಣಿಯುತ್ತಾನೆ. ಬೇಗ ಮಲಗಿದೆ.

ಫೆಬ್ರವರಿ 15
ಮೈಲಾರ ಜಾತ್ರೆಯ ಕಾರ್ಣಿಕ, ವರ್ಷದ ಭವಿಷ್ಯವಾಣಿ, ಆಗಿದೆ. ಬಸ್ಸು, ಚಹಾದಂಗಡಿ, ಸ್ಟಾಫ್ ರೂಮು, ಎಲ್ಲಾ ಕಡೆ ಗೊರವಯ್ಯನ ಮಾತಿಗೆ ಅರ್ಥ ಹಚ್ಚುವ ಕೆಲಸ. ಮಳೆ ಉಂಟೋ ಇಲ್ಲವೋ. ಚುಕ್ಕಿ ಅಂದರೆ ನಕ್ಕವರು ಇದಕ್ಕೆ ನಗಲಿಲ್ಲ. ನಾನೂ ಕಿವಿಗೊಟ್ಟೆ, ಸುಳ್ಳು ಯಾಕೆ.

ಏಳನೇ ಪೀರಿಯಡ್‌ನಲ್ಲಿ ಹಾನ್ಲೆ ವಿಷಯ ಬಂತು. ಲಡಾಖಿನಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಅದನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದಲ್ಲಿ. "ಹಂಗಾರ ಕಣ್ಣಿಟ್ಟು ನೋಡೋರು ಯಾರು ಮೇಡಂ?" ಯಾರೂ ಇಲ್ಲ. ಕ್ಯಾಮೆರಾ ನೋಡುತ್ತದೆ. ಅದೇ ಹುಡುಗಿ, ಮುಖ ಸಣ್ಣಗಾಯಿತು. ನನಗೂ ಒಳಗೆ ಹಾಗೇ ಅನಿಸಿತು.

ಫೆಬ್ರವರಿ 22, ಶನಿವಾರ
ಕೊಟ್ಟೂರು ತೇರು. ನಿನ್ನೆಯಿಂದ ರಸ್ತೆ ತುಂಬ ಪಾದಯಾತ್ರೆಯವರು. ತರಗತಿ ಅರ್ಧ ಖಾಲಿ. ತೇರು ಎಳೆಯುವುದು ಮೂಲಾ ನಕ್ಷತ್ರಕ್ಕೆ. ಮೂಲಾ ಎಲ್ಲಿದೆ ಅಂತ ಕೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕ್ಯಾಲೆಂಡರ್ ನೋಡಿದರು.

ಫೆಬ್ರವರಿ 23, ನಸುಕು 4.30
ಎದ್ದೆ. ಆಗ್ನೇಯಕ್ಕೆ ಚೇಳು ಪೂರ್ತಿ ಮೇಲೆ ಬಂದಿದೆ. ಬಾಲದ ಕೊಂಡಿಯೇ ಮೂಲಾ. ಅದರ ಎಡಕ್ಕೆ ಸವೆದ ಚಂದ್ರ.

ಚಂದ್ರ ನಿಂತಿರುವ ದಿಕ್ಕಿಗೆ, ಬಹುತೇಕ ಅದೇ ಗೆರೆಯಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ಆಚೆ ಕ್ಷೀರಪಥದ ನಡುಮಧ್ಯ. ಅಲ್ಲಿ ಸೂರ್ಯನ 40 ಲಕ್ಷ ಪಟ್ಟಿಗೂ ಮಿಕ್ಕಿದ ತೂಕದ ಕಪ್ಪುರಂಧ್ರ. ಅದರ ಚಿತ್ರ ಹೊರಬಂದದ್ದು 2022ರ ಮೇನಲ್ಲಿ, ಭೂಮಿಯ ಬೇರೆಬೇರೆ ಮೂಲೆಯ ಎಂಟು ರೇಡಿಯೋ ದೂರದರ್ಶಕಗಳನ್ನು ಒಂದಾಗಿಸಿ. ನನ್ನ ಕೊಳವೆಗೆ ಅದು ಎಂದೂ ಕಾಣದು. ದೊಡ್ಡ ಕನ್ನಡಿ ತಂದರೂ ಅಷ್ಟೆ. ನಡುವೆ ಇರುವ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ರೇಡಿಯೋ ಅಲೆ ದಾಟಿ ಬರುತ್ತದೆ.

ಗೌರಿಬಿದನೂರಿನ ರೇಡಿಯೋ ದೂರದರ್ಶಕವೂ ಇಂಥದ್ದೇ ಜಾತಿ. ಕೊಳವೆ ಇಲ್ಲ, ಕನ್ನಡಿ ಇಲ್ಲ. ಬಯಲಲ್ಲಿ ಕಂಬ, ತಂತಿ. 1970ರ ದಶಕದಲ್ಲಿ ಕಟ್ಟಿದ್ದು: ಸಾವಿರ ಡೈಪೋಲ್, ಟಿ ಆಕಾರ, ಪೂರ್ವಪಶ್ಚಿಮ ತೋಳು 1.4 ಕಿ.ಮೀ. ಅಲ್ಲಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿ ಮಾಡಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಆ ಹುಡುಗಿಗೆ ಹೇಳಬೇಕು: ಕಣ್ಣಿಟ್ಟು ನೋಡುವುದಷ್ಟೇ ನೋಡುವುದಲ್ಲ. ಒಪ್ಪುತ್ತಾಳೋ ಇಲ್ಲವೋ. ನಾನೇ ಪೂರ್ತಿ ಒಪ್ಪಿಲ್ಲ.

ವರ್ಗಾವಣೆ ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ.

ನಾಳೆ ಗೆಳತಿ ಬಂದು ಟೆಲಿಸ್ಕೋಪ್ ಒಯ್ಯುತ್ತಾಳೆ. ತಿರುಪು ಬಿಗಿ ಮಾಡಿಸಿ ಕೊಡಬೇಕು. ಎಸ್ಸೆಸ್ಸೆಲ್ಸಿ ಮಾರ್ಚ್ 21ಕ್ಕೆ ಶುರು. ಅದು ಮುಗಿದ ಮೇಲೆ ಎಂಟನೇ ತರಗತಿಗೆ ಗೌರಿಬಿದನೂರಿಗೆ ಒಂದು ಬಸ್ಸು ಕೇಳುತ್ತೇನೆ. ಕೊಡದಿದ್ದರೆ ಪೋಷಕರನ್ನು ಕೇಳುತ್ತೇನೆ.