ಉಪಾಧ್ಯಾಯರ ಬೆಳ್ಳಿಯ ಗರುಡ

೩೪ ವರ್ಷ ಹುಡುಗರಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ನನಗೆ ಜರ್ಮನಿ ದೇಶವನ್ನು ಕಣ್ಣಾರೆ ನೋಡಬೇಕೆಂಬ ಹಂಬಲವು ಬಹುಕಾಲದಿಂದ ಇದ್ದಿತು. ನಮ್ಮ ಸಂಸ್ಕೃತಕ್ಕಾಗಿ ಆಯುಸ್ಸನ್ನೇ ಸವೆಸಿದ ವಿದ್ವಾಂಸರು ಆ ನಾಡಿನಲ್ಲಿ ಅನೇಕರು ಹುಟ್ಟಿದರಷ್ಟೆ! ಮಗನು ಉದ್ಯೋಗನಿಮಿತ್ತವಾಗಿ ಬರ್ಲಿನ್ ನಗರದಲ್ಲಿ ನೆಲಸಿರುವುದರಿಂದ ಕಳೆದ ಶರತ್ಕಾಲದಲ್ಲಿ ಆ ಯೋಗವು ಒದಗಿತು.

ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಉಂಟರ್ ಡೆನ್ ಲಿಂಡೆನ್ ಎಂಬ ರಾಜಬೀದಿಯಲ್ಲಿ ನಡೆದು ವಿಶ್ವವಿದ್ಯಾನಿಲಯದ ಮುಂದೆ ನಿಂತೆವು. ಹುಂಬೋಲ್ಟ್ ಸಹೋದರರ ಪ್ರತಿಮೆಗಳು ಅಲ್ಲಿ ಬಾಗಿಲು ಕಾಯುವಂತೆ ಕುಳಿತಿವೆ. ಸಂಸ್ಕೃತದ ಕ್ರಿಯಾಪದಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ, ಜರ್ಮನ್ ಭಾಷೆಗಳವುಗಳೊಡನೆ ಹೋಲಿಸಿ ೧೮೧೬ರಲ್ಲಿ ಗ್ರಂಥ ಬರೆದ ಫ್ರಾನ್ಸ್ ಬೋಪ್ ಪಂಡಿತನು ೧೮೨೧ರಿಂದ ಅಧ್ಯಾಪಕನಾಗಿದ್ದುದು ಈ ವಿದ್ಯಾಲಯದಲ್ಲಿಯೇ. ನಾನು ಪಾದರಕ್ಷೆಯನ್ನು ಕಳಚಿ ಒಂದು ಕ್ಷಣ ಕೈಮುಗಿದೆನು. ಮಗನು ಅತ್ತಿತ್ತ ನೋಡಿ ಸುಮ್ಮನಾದನು.

ಪ್ರಷ್ಯ ದೇಶದ ಅರಸನಾದ ಮಹಾ ಫ್ರೆಡರಿಕನು ೧೭೪೦ರಲ್ಲಿ ‘ಪೂರ್ ಲ ಮೆರಿತ್’, ಎಂದರೆ ‘ಯೋಗ್ಯತೆಗಾಗಿ’, ಎಂಬ ಬಿರುದುಪದಕವನ್ನು ಏರ್ಪಡಿಸಿದ್ದನು. ಕಾಲಕ್ರಮದಲ್ಲಿ ಅದು ಯೋಧರಿಗೇ ಮೀಸಲಾಯಿತು. ೧೮೪೨ರ ಮೇ ೩೧ರಂದು ನಾಲ್ಕನೆಯ ಫ್ರೆಡರಿಕ್ ವಿಲಿಯಂ ದೊರೆಯು ಶಾಸ್ತ್ರಜ್ಞರಿಗೂ ಕಲಾವಿದರಿಗೂ ಅದೇ ಹೆಸರಿನ ಬೇರೊಂದು ವರ್ಗವನ್ನು ಸ್ಥಾಪಿಸಿ, ಅಲೆಕ್ಸಾಂಡರ್ ಫಾನ್ ಹುಂಬೋಲ್ಟನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದನು. ಜರ್ಮನರಲ್ಲಿ ೩೦ ಮಂದಿಗೆ ಮಾತ್ರ ಆ ಗೌರವ. ಮೊದಲ ವರ್ಷವೇ ಅದನ್ನು ಪಡೆದವರಲ್ಲಿ ಬೋಪ್ ಮತ್ತು ಷ್ಲೇಗೆಲ್ ಎಂಬ ಇಬ್ಬರು ಸಂಸ್ಕೃತಜ್ಞರಿದ್ದರು. ವಿಜಯನಗರದ ಸಾಯಣಾಚಾರ್ಯರ ಭಾಷ್ಯದೊಡನೆ ಋಗ್ವೇದವನ್ನು ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರನಿಗೆ ಅದು ೧೮೭೪ರಲ್ಲಿ ದೊರೆಯಿತು. ಇಂಗ್ಲೆಂಡಿನ ಅರಮನೆಯ ಭೋಜನಕ್ಕೆ ಕರೆ ಬಂದಾಗ, ಈ ಪದಕವನ್ನು ಧರಿಸಿ ಬರಬಹುದೇ ಎಂದು ಆತನು ರಾಜಕುಮಾರ ಲಿಯೋಪೋಲ್ಡನನ್ನು ಕೇಳಿದನಂತೆ. ಬರಬಹುದಲ್ಲ, ಧರಿಸಿಯೇ ಬರಬೇಕೆಂದು ಉತ್ತರ ಬಂದಿತಂತೆ.

ಈ ಕಥೆಯನ್ನು ಹೇಳುತ್ತ ಹೇಳುತ್ತ ಹೊಳೆಯ ದಡಕ್ಕೆ ಬಂದೆವು. ಅಲ್ಲಿ ಬೋಡೆ ವಸ್ತುಸಂಗ್ರಹಾಲಯದ ಸಮೀಪದಲ್ಲಿ ಶನಿವಾರ ಭಾನುವಾರಗಳಂದು ಹಳೆಯ ಪುಸ್ತಕ, ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಒಬ್ಬ ವೃದ್ಧ ವ್ಯಾಪಾರಿಯ ಮೇಜಿನ ಮೇಲೆ, ಮಖಮಲ್ಲು ಹಾಸಿದ ತಟ್ಟೆಗಳಲ್ಲಿ, ಅರಸರ ಕಾಲದ ಪದಕಗಳು ಸಾಲಾಗಿ ಮಲಗಿದ್ದವು. ಯುದ್ಧದವುಗಳನ್ನು ಬಿಟ್ಟು, ರಾಜ್ಯದ ಸಾಮಾನ್ಯ ಸೇವೆಗಾಗಿ ಕೊಟ್ಟವುಗಳನ್ನು ತೋರಿಸೆಂದು ಕೇಳಿದೆನು. ಆತನು ಸಂತೋಷದಿಂದ ವಿವರಿಸಿದನು, ಮಗನು ದುಭಾಷಿಯಾದನು. ಕೆಂಪು ಗರುಡ, ೧೮೬೧ರಲ್ಲಿ ಹುಟ್ಟಿದ ಕಿರೀಟಪದಕ, ಇವೆರಡರಲ್ಲಿಯೂ ನಾಲ್ಕು ನಾಲ್ಕು ಅಂತಸ್ತುಗಳು. ಅಧಿಕಾರಿಯ ಸ್ಥಾನವೆಷ್ಟೋ ಪದಕದ ಸ್ಥಾನವೂ ಅಷ್ಟೆ. ಸಂಗ್ರಾಹಕರು ಮೊದಲು ತಯಾರಕನ ಮುದ್ರೆಯನ್ನು ಹುಡುಕುವರು, ಬಳಿಕ ಲೋಹವನ್ನು ಪರೀಕ್ಷಿಸುವರು. ಮಹಾಯುದ್ಧದಿಂದ ಚಿನ್ನವು ದುರ್ಲಭವಾಗಿ, ೧೯೧೬ರಿಂದ ಚಿನ್ನದ ಪದಕಗಳ ಬದಲು ಬೆಳ್ಳಿಗೆ ಚಿನ್ನದ ನೀರು ಕುಡಿಸಿದವು ಬಂದವು. ಪಡೆದವನು ಸತ್ತರೆ ಅನೇಕ ಪದಕಗಳನ್ನು ಸರಕಾರಕ್ಕೆ ಹಿಂದಿರುಗಿಸಬೇಕೆಂಬ ನಿಯಮವಿದ್ದಿತು. ೧೯೧೮ರಲ್ಲಿ ಅರಸೊತ್ತಿಗೆಯೇ ಅಳಿದ ಮೇಲೆ ಕೇಳುವ ಅರಸನಿಲ್ಲವಾದನು.

ತಟ್ಟೆಯ ಮೂಲೆಯಲ್ಲಿ ರೆಕ್ಕೆ ಹರಡಿದ ಒಂದು ಬೆಳ್ಳಿಯ ಗರುಡವಿದ್ದಿತು. ಬಿಳಿಯ ರಿಬ್ಬನ್ನಿನ ಮೇಲೆ ಮೂರು ಕಪ್ಪು ಗೆರೆಗಳು. “ಇದು ಯಾರಿಗೆ ಕೊಡುತ್ತಿದ್ದದ್ದು?” ಎಂದೆನು. “ಹೋಹೆನ್‌ಜೋಲರ್ನ್ ರಾಜಮನೆತನದ ಪದಕದಲ್ಲಿ ಇದು ಕೆಳಗಿನ ತರಗತಿ. ಹೆಚ್ಚಾಗಿ ಶಾಲೆಯ ಮೇಷ್ಟರುಗಳಿಗೆ ಕೊಡುತ್ತಿದ್ದರು” ಎಂದನು ವ್ಯಾಪಾರಿ. ನನ್ನ ಮೈ ಜುಮ್ಮೆಂದಿತು. ಬೋಪ್ ಪಂಡಿತನ ಪದಕವು ನಮ್ಮಂಥವರಿಗೆ ಆಕಾಶದ ನಕ್ಷತ್ರ. ಇದಾದರೋ ನನ್ನ ಜಾತಿಯವನದು!

ಪಕ್ಕದ ಪೆಟ್ಟಿಗೆಯಿಂದ ಆತನು ಮಡಿಸಿದ ಒಂದು ಸನ್ನದನ್ನೂ ತೆಗೆದನು. ಅದೇ ಮನೆಯಿಂದ ಗರುಡದೊಡನೆ ಬಂದುದು. ಒಂದು ಹಳ್ಳಿಯ ಉಪಾಧ್ಯಾಯನ ಹೆಸರು, ಊರು, ೧೯೦೮ನೆಯ ಇಸವಿ. ಗರುಡದ ಮೇಲೆ ಹೆಸರಿಲ್ಲ. ಇಂಥ ಪದಕಗಳಲ್ಲಿ ಹೆಸರು ಕೆತ್ತುವ ವಾಡಿಕೆಯಿರಲಿಲ್ಲ. ಆ ಮನುಷ್ಯನು ಉಳಿದಿರುವುದೆಲ್ಲ ಈ ಕಾಗದದಲ್ಲಿಯೇ. “ಕೊಳ್ಳುವವರಿಗೆ ಲೋಹ ಬೇಕು, ಕಾಗದ ಬೇಡ. ತಮಗೆ ಅಕ್ಕರೆಯಿದ್ದರೆ ಕಾಗದವನ್ನು ಅಗ್ಗವಾಗಿ ಕೊಡುವೆನು” ಎಂದನು.

ನಾನು ಕಿಸೆಗೆ ಕೈಹಾಕಿದೆನು. ಎರಡನ್ನೂ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ, ಕಾಗದಕ್ಕೆ ಸಾಕಾಗುವಷ್ಟಿದ್ದಿತು. “ನಾನು ಕೊಡುತ್ತೇನಪ್ಪ, ಎರಡೂ ಇರಲಿ” ಎಂದನು ಮಗ. ಅವನ ಮನೆಬಾಡಿಗೆಯ ಭಾರವನ್ನು ಬಲ್ಲ ನಾನು ಒಪ್ಪಲಿಲ್ಲ. ಕಾಗದವೊಂದನ್ನೇ ಒಯ್ದರೆ? ಆಗ ಹೆಸರು ನಮ್ಮ ಊರಿನ ಕಪಾಟಿನಲ್ಲಿ, ಗರುಡವು ಇನ್ನಾವನದೋ ಗಾಜಿನ ಪೆಟ್ಟಿಗೆಯಲ್ಲಿ. ಕಾಳಿದಾಸನು ಪಾರ್ವತೀಪರಮೇಶ್ವರರ ಸಂಬಂಧವನ್ನು ವಾಗರ್ಥಗಳಿಗೆ ಹೋಲಿಸಿದ್ದನ್ನು ಹುಡುಗರಿಗೆ ಎಷ್ಟು ಸಲ ಪಾಠ ಹೇಳಿದ್ದೆನು! ಪ್ರೀತಿಯ ಹೆಸರಿನಲ್ಲಿ ಆ ಜೋಡಿಯನ್ನು ಅಗಲಿಸಲು ಹೊರಟವನು ನಾನೇ.

ಕೈಯನ್ನು ಹಿಂದೆಗೆದು, “ಇವೆರಡನ್ನೂ ಒಟ್ಟಿಗೆ ಕಟ್ಟಿಡಿ, ಕೊಳ್ಳುವವರು ಎರಡನ್ನೂ ಕೊಳ್ಳಲಿ” ಎಂದು ಕೇಳಿಕೊಂಡೆನು. “ತಾವು ಯಾರು?” ಎಂದನು. “ನಾನೂ ಮೇಷ್ಟರು” ಎಂದೆನು. ಆತನು ಒಂದು ನಿಮಿಷ ಸುಮ್ಮನಿದ್ದು, ಸನ್ನದನ್ನು ಲಕೋಟೆಗೆ ಸೇರಿಸಿ, ಗರುಡವನ್ನು ಅದರ ಮೇಲಿಟ್ಟು ದಾರದಿಂದ ಬಿಗಿದು, ಪುನಃ ತಟ್ಟೆಯಲ್ಲಿಟ್ಟನು. ಆ ಗಂಟು ಎಷ್ಟು ದಿನ ನಿಂತಿತೋ!

ಬರಿಗೈಯಲ್ಲಿ ಊರಿಗೆ ಹಿಂದಿರುಗಿದೆನು. ನಿವೃತ್ತಿಯ ದಿನ ನನಗೆ ಹೊದೆಸಿದ ಶಾಲು ಪೆಟ್ಟಿಗೆಯಲ್ಲಿದ್ದಿತು. ಅಂದು ಹುಡುಗರು ಬರೆದುಕೊಟ್ಟ ಮಾನಪತ್ರವು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದಿತು. ಅದನ್ನು ಇಳಿಸಿ, ಒರೆಸಿ, ಶಾಲಿನ ಮಡಿಕೆಯೊಳಗಿಟ್ಟೆನು. ವಾಚಕರ ಮನೆಗಳಲ್ಲಿಯೂ ಅಜ್ಜನ ಪದಕವೋ, ತಂದೆಯ ಬಿರುದಿನ ಬಳೆಯೋ ಇದ್ದೀತು. ಅದರೊಡನೆ, ಅದು ಯಾರದು, ಯಾವ ಕೆಲಸಕ್ಕಾಗಿ ಬಂದಿತು ಎಂದು ಬರೆದ ಒಂದು ಚೀಟಿಯನ್ನು ಇಂದೇ ಇಡಬೇಕೆಂದು ನನ್ನ ವಿಜ್ಞಾಪನೆ.