ಹಾಲಿಲ್ಲದ ಚಹಾ

ಹೈದರಾಬಾದಿನಲ್ಲಿರುವ ಮಗ ಕಳೆದ ತಿಂಗಳು ಬೀದರಿಗೆ ಬಂದಾಗ ಕಾಗದದಲ್ಲಿ ಸುತ್ತಿದ ದುಂಡನೆಯ ಬಿಲ್ಲೆಯೊಂದನ್ನು ತಂದಿದ್ದ. ಬಿಚ್ಚಿ ನೋಡಿದರೆ ಥೇಟ್ ಕುಳ್ಳು! "ಇದನ್ನ ಒಲಿಗೆ ಹಾಕೂದೇನೋ?" ಎಂದೆ. ಏಳನೇ ತರಗತಿಯ ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. "ಮುತ್ಯಾ, ಅದು ಚಹಾ!"

ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾ ಅದು. ಗಿಡದ ಎಳೆಯ ಕುಡಿಗಳನ್ನು ಬಿಸಿಲಿಗೆ ಒಣಗಿಸಿ, ಹಬೆಯಲ್ಲಿ ಮೆತ್ತಗೆ ಮಾಡಿ, ಬಟ್ಟೆಯಲ್ಲಿ ಕಟ್ಟಿ ಒತ್ತಿದ್ದು. ಹಸಿ ಬಗೆಯದಾದ್ದರಿಂದ, ಇಟ್ಟಷ್ಟೂ ವರ್ಷ ಮಾಗುತ್ತದಂತೆ. ಇಂಥ ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ, ಏಳು ಬಿಲ್ಲೆಗೆ ಒಂದು ಕಟ್ಟು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೂಡಲೇ ಲೆಕ್ಕ ಹಾಕಿದೆ. 2,499 ಗ್ರಾಂ! ಎರಡೂವರೆ ಕಿಲೋಗೆ ಒಂದೇ ಗ್ರಾಂ ಕಡಿಮೆ.

ಮಗ ದಬ್ಬಣದಿಂದ ಒಂದು ಚೂರು ಎಬ್ಬಿಸಿ, ಬಿಸಿನೀರು ಹಾಕಿ, ಮೊದಲ ನೀರನ್ನು ಚೆಲ್ಲಿಬಿಟ್ಟ. ಮತ್ತೆ ನೀರು ಹಾಕಿ ಅರೆನಿಮಿಷದೊಳಗೆ ಸೋಸಿದ. ತಿಳಿ ಹೊನ್ನಿನ ಬಣ್ಣ. ಹಾಲಿಲ್ಲ, ಸಕ್ಕರೆ ಇಲ್ಲ. ಮೊದಲ ಗುಟುಕು ಕಹಿ. ಮುಖ ಕಿವುಚಿದೆ. "ತಡೀರಿ ಅಪ್ಪಾ, ಅವಸರ ಮಾಡಬ್ಯಾಡ್ರಿ" ಎಂದ. ಅದೇ ಎಲೆಗೆ ಮೂರನೇ ಸಲ ನೀರು ಹಾಕಿ ಕೊಟ್ಟ. ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ, ಗಂಟಲಿನಿಂದ ಮೆಲ್ಲಗೆ ಸಿಹಿ ಬಂತು.

ಆಗ ಔರಾದಿನ ಒಂದು ಮಧ್ಯಾಹ್ನ ನೆನಪಾಯಿತು. 1982ರ ಮಾತು. ಅದಕ್ಕೂ ಮೊದಲು ಭಾಲ್ಕಿಯಲ್ಲಿದ್ದೆ. ಅಲ್ಲಿ ಹೋಟೆಲಿನ ಗಟ್ಟಿ ಹಾಲಿನ ಚಹಾ ನಾಲಿಗೆಗೆ ಹತ್ತಿತ್ತು. ಔರಾದಿಗೆ ವರ್ಗವಾದ ಮೇಲೆ, ಸಾಲದ ಕಂತು ಕೇಳಲು ಅಧಿಕಾರಿಗಳ ಜೊತೆ ಒಂದು ಹಳ್ಳಿಗೆ ಹೋಗಿದ್ದೆ. ಕಂತು ಕಟ್ಟಲಾಗದ ಆ ಮನೆಯ ಮುದುಕಿ ನಮಗೆ ಕಪ್ಪು-ಬಸಿಯಲ್ಲಿ ಕರಿ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು ಕೆಳಗಿಟ್ಟುಬಿಟ್ಟೆ. "ಹಾಲ ಇಲ್ರೀ ಸಾಹೇಬ್ರ..." ಎಂದು ಆಕೆ ತಲೆ ತಗ್ಗಿಸಿದಳು. ನಾನೇನೂ ಹೇಳಲಿಲ್ಲ. ಸೈಕಲ್ ಹತ್ತಿ ಬಂದೆ.

ಆ ಚಹಾಕ್ಕೂ ಇಂಥ ಸಿಹಿ ಇತ್ತೋ ಏನೋ! ಎರಡನೇ ಗುಟುಕು ಕುಡಿದಿದ್ದರೆ ತಾನೆ ತಿಳಿಯುವುದು?

ಮೊಮ್ಮಗಳಿಗೆ ಎರಡೇ ಗುಟುಕು ಕೊಟ್ಟು ಈ ಕಥೆ ಹೇಳಿದೆ. ಆಕೆ ಕೇಳಿದಳು: "ಮುತ್ಯಾ, ಆ ಅಮ್ಮಗ ಸಾರಿ ಅಂದಿಲ್ಲೇನು?"

"ಇಲ್ಲವ್ವಾ" ಎಂದೆ. ಲೋಟದಲ್ಲಿ ಉಳಿದದ್ದನ್ನು ಪೂರ್ತಿ ಕುಡಿದೆ. ಈಗ ಯಾರ ಮನೆಗೆ ಹೋದರೂ, ಕೊಟ್ಟ ಚಹಾ ಮುಗಿಸದೆ ಏಳುವುದಿಲ್ಲ.