ಅಡ್ಕದಲ್ಲಿ ಎಂಥ ಉಂಟು?

ನಮ್ಮ ಕಡೆಯ ಊರುಗಳ ಹೆಸರನ್ನೊಮ್ಮೆ ಗಮನಿಸಿ. ಬದಿಯಡ್ಕ, ಉಕ್ಕಿನಡ್ಕ, ಕಿದೂರಿನ ಕುಂಟಂಗೇರಡ್ಕ... ಬಾಲದಲ್ಲೊಂದು ಅಡ್ಕ ಇದ್ದೇ ಇರುತ್ತದೆ. ಅಡ್ಕ ಅಂದರೆ ಮುರಕಲ್ಲಿನ ಬಯಲು. ಎಪ್ರಿಲ್ ತಿಂಗಳಲ್ಲಿ ಬರಿಗಾಲಲ್ಲಿ ನಿಂತರೆ ಅಂಗಾಲು ಸುಟ್ಟುಹೋಗುತ್ತದೆ. ಮರವಿಲ್ಲ, ನೆರಳಿಲ್ಲ. ಕಡತದಲ್ಲಿ ಅದು ಪಾಳುಭೂಮಿ, ಲಾರಿಯವರಿಗೆ ಕಲ್ಲಿನ ಕೋರೆ, ನಮ್ಮ ಮಕ್ಕಳಿಗೆ ಕ್ರಿಕೆಟ್ ಮೈದಾನ. ಪಂಚಾಯತಿನ ಜೀವವೈವಿಧ್ಯ ದಾಖಲೆಯನ್ನು ಹೊಸದಾಗಿ ತಿದ್ದುವ ಕೆಲಸಕ್ಕೆ ಶಾಲೆಯವರೂ ಸೇರಬೇಕೆಂದು ಕೇಳಿದಾಗ ನಾವು ಶಾಲೆಯ ಹಿಂದಿನ ಅಡ್ಕದಿಂದಲೇ ಶುರುಮಾಡುವ ಅಂದೆವು. ಏಳನೇ ಕ್ಲಾಸಿನ ಹುಡುಗನೊಬ್ಬ ಮುಖ ಸಿಂಡರಿಸಿದ. "ಅಲ್ಲಿ ಎಂಥ ಉಂಟು ಟೀಚರ್? ಕಲ್ಲು ಮಾತ್ರ."

ಈ ದಾಖಲೆಯ ವಿಷಯ ಸ್ವಲ್ಪ ಹೇಳಬೇಕು. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಲ್ಲಿ ಯಾವ ಗಿಡ, ಯಾವ ಪ್ರಾಣಿ, ಯಾವ ಕೆರೆ, ಯಾವ ಬನ ಇದೆ, ಅದರ ಬಗ್ಗೆ ಊರವರಿಗೆ ಏನು ಗೊತ್ತು ಎಂಬುದನ್ನೆಲ್ಲ ಆ ಸಮಿತಿ ಊರವರನ್ನೇ ಕೇಳಿ ಬರೆದಿಡಬೇಕು. ಕೇರಳದಲ್ಲಿ ಇದಕ್ಕೊಂದು ರಾಜ್ಯ ಮಂಡಳಿ 2005ರಲ್ಲೇ ಬಂತು. ಆದರೆ ದೇಶದ ಎಲ್ಲ ಕಡೆಯೂ 2020ರ ಜನವರಿ 31ರ ಒಳಗೆ ದಾಖಲೆ ಮುಗಿಯಬೇಕು ಅಂತ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟ ಮೇಲೆ ಹಲವು ಕಡೆ ಆದದ್ದೇನು ಗೊತ್ತಾ? ಮೇಜಿನ ಮುಂದೆ ಕುಳಿತೇ ಪುಟ ತುಂಬಿಸಿದರು. ಪಕ್ಕದೂರಿನ ಪಟ್ಟಿ ಈ ಊರಿಗೂ ಬಂತು. ಕೇಳುವುದು ಎಂಬ ಮುಖ್ಯ ಕೆಲಸವೇ ಬಿಟ್ಟುಹೋಯಿತು.

ನಾವು ಮಾಡಿದ ಕ್ರಮ ನಮ್ಮದೇನಲ್ಲ. 2015ರಿಂದ 2020ರವರೆಗೆ ಕೇರಳದ ಉದ್ದಗಲಕ್ಕೂ ಹಕ್ಕಿ ನಕಾಶೆಯ ಕೆಲಸ ನಡೆಯಿತಲ್ಲ, ಅದರಿಂದ ಎರವಲು ತಂದದ್ದು. ಒಂದು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಗೊತ್ತುಮಾಡಿದ ಜಾಗಗಳಿಗೇ ಹೋಗಿ ಎಣಿಸಿದರು. 361 ಜಾತಿಯ ಹಕ್ಕಿಗಳು ಸಿಕ್ಕವು. ವಿಜ್ಞಾನಿಗಳಿಗಿಂತ ಬ್ಯಾಂಕಿನವರು, ಮೇಷ್ಟ್ರುಗಳು, ಕಾಲೇಜು ಮಕ್ಕಳಂಥವರೇ ಸೇರಿ ಮಾಡಬಹುದಾದ ಕೆಲಸ ಇದು ಎಂಬುದೇ ನಮಗೆ ಧೈರ್ಯ. ಹಾಗೆ ನಾವೂ ಅಡ್ಕದ ಮೇಲೆ ಒಂದೇ ದಾರಿ ಗುರುತು ಮಾಡಿಕೊಂಡು ಮಾರ್ಚಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ನಡೆದೆವು.

ಮಾರ್ಚಿನ ಪಟ್ಟಿ ಅರ್ಧ ಪುಟ. ಅದರಲ್ಲಿ ದೊಡ್ಡ ಸುದ್ದಿಯೆಂದರೆ ಟಿಟ್ಟಿಭದ ಮೊಟ್ಟೆ. ಗೂಡು ಇಲ್ಲ, ಏನಿಲ್ಲ, ಜಲ್ಲಿಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಗಳು. ತಾಯಿಹಕ್ಕಿ ತಲೆಯ ಮೇಲೆ ಹಾರಿ ಬೊಬ್ಬೆ ಹೊಡೆದಾಗಲೇ ನಮಗೆ ಗೊತ್ತಾದದ್ದು. ಕ್ರಿಕೆಟ್ ಪಿಚ್ಚನ್ನು ಮಕ್ಕಳೇ ಆಚೆ ಸರಿಸಿದರು, ನಾವು ಹೇಳಲೇ ಇಲ್ಲ. ಆಗಸ್ಟಿನಲ್ಲಿ ಹೋದರೆ ಅದೇ ಜಾಗ ಹೌದೋ ಅಲ್ಲವೋ ಅಂತ ಸಂಶಯ! ಪಾದೆಯ ಗುಂಡಿಗಳಲ್ಲೆಲ್ಲ ತಿಳಿನೀರು, ಅದರಲ್ಲಿ ಕಪ್ಪೆಮರಿ. ಹುಲ್ಲಿನ ನಡುವೆ ನೀಲಿ ಹೂವಿನ ಹಾಸು. ಮಲಯಾಳಂನವರು ಓಣಂ ಪೂಕ್ಕಳಕ್ಕೆ ಕೊಯ್ಯುವ ಕಾಕ್ಕಪ್ಪೂ ಇದೇ. ಆ ಪುಟ್ಟ ಗಿಡ ಬುಡದ ಹತ್ತಿರದ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ ಎಂದಾಗ ಮಕ್ಕಳು ನಂಬಲಿಲ್ಲ. ಭೂತಗನ್ನಡಿ ತರಿಸಬೇಕಾಯಿತು.

ಮತ್ತೆ ಹೆಸರಿನ ತಕರಾರು. ನಮಗೆ ಸಿಕ್ಕ ಫಾರಂ ಮಲಯಾಳಂನಲ್ಲಿ ಮಾತ್ರ ಇತ್ತು. ಸ್ಥಳೀಯ ಹೆಸರು ಎಂಬ ಕಾಲಂನಲ್ಲಿ ಒಂದೇ ಹೆಸರಿಗೆ ಜಾಗ. ಈ ಊರಲ್ಲಿ ಒಂದು ಹೆಸರು ಯಾವುದಕ್ಕಿದೆ ಹೇಳಿ? ನಾವು ಕೇಪುಳ ಅನ್ನುವುದು ಅವರಿಗೆ ಚೆತ್ತಿ. ನಮ್ಮ ಕುಂಟಾಲ ಅವರ ಞಾರ. ಕಾಸರಕ ತುಳುವಿನಲ್ಲಿ ಕಾಯೆರ್, ಮಲಯಾಳಂನಲ್ಲಿ ಕಾಞಿರಂ. (ಅಂದಹಾಗೆ ಕಾಸರಗೋಡು ಎಂಬ ಹೆಸರೇ ಈ ಮರದಿಂದ ಬಂತು ಎನ್ನುವವರಿದ್ದಾರೆ. 2023ರಲ್ಲಿ ಅದನ್ನೇ ಜಿಲ್ಲೆಯ ಮರವೆಂದು ಸಾರಿದರು.) ಇದು ಬರೀ ಭಾಷಾಭಿಮಾನದ ಮಾತಲ್ಲ. ಯಾವ ಬೇರು ಯಾವ ಕಾಯಿಲೆಗೆ ಅಂತ ಗೊತ್ತಿರುವ ಅಜ್ಜಿಗೆ ಗೊತ್ತಿರುವುದು ತುಳುವಿನ ಹೆಸರು. ಆ ಹೆಸರಿಗೆ ಕಾಲಂ ಇಲ್ಲವಾದರೆ ಅಜ್ಜಿಯ ಮದ್ದಿಗೂ ಇಲ್ಲ. ಮಕ್ಕಳು ಸ್ಕೇಲ್ ಹಿಡಿದು ಆ ಒಂದು ಕಾಲಂ ಅನ್ನು ಮೂರು ಮಾಡಿದರು. ಬ್ಯಾರಿ ಮನೆಯ ಹುಡುಗಿ ನಾಲ್ಕನೆಯ ಗೆರೆಯನ್ನೂ ಎಳೆದಳು.

ಬರೆದಿಡುವುದಕ್ಕೆ ಇಷ್ಟು ಹಠ ಯಾಕೆ ಅಂತ ನೀವು ಕೇಳಬಹುದು. ನಮ್ಮ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮನುಷ್ಯರ ಕಾಯಿಲೆ ಸುದ್ದಿಯಾಗುವ ಮೊದಲೇ ಜೇನು ಹೋದದ್ದನ್ನು, ತೋಡಿನಲ್ಲಿ ಮೀನು ಸತ್ತದ್ದನ್ನು ಊರವರು ಕಂಡಿದ್ದರು. ಕಂಡರು, ಹೇಳಿದರು. ಆದರೆ ಸಿಂಪಡಿಸುವ ಮೊದಲು ಆ ತೋಡಿನಲ್ಲಿ ಎಷ್ಟು ಬಗೆಯ ಮೀನಿತ್ತು, ಎಷ್ಟು ಜೇನುಗೂಡು ಇತ್ತು ಎಂಬ ಲೆಕ್ಕ ಯಾರ ಕೈಯಲ್ಲಿತ್ತು? ನೆನಪನ್ನು ಕಚೇರಿಯವರು ಪುರಾವೆ ಅನ್ನುವುದಿಲ್ಲ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ಆ ಮನೆಗಳ ಮಕ್ಕಳು ನಮ್ಮ ಶಾಲೆಗಳಿಗೂ ಬಂದವರು.

ಊರವರನ್ನು ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆಯೂ ಇಲ್ಲೇ ಇದೆ. ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರನ ದೈತ್ಯ ಆಮೆ ಎಂಬ ಅಪರೂಪದ ಮೆದುಚಿಪ್ಪಿನ ಆಮೆ ಇದೆ. ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ಹೊಳೆಬದಿಯ ಮನೆಮನೆ ಸುತ್ತಿ, ಬಲೆ ಹಾಕುವವರನ್ನು ಮಾತಾಡಿಸಿ, ಅವರಿಂದಲೇ ಸುದ್ದಿ ತರಿಸಿಕೊಂಡು ಅದನ್ನು ಹುಡುಕಿದರು. ಮೊಟ್ಟೆಯಿಡುವ ಹೆಣ್ಣಾಮೆಯೂ ಸಿಕ್ಕಿತು. ನೀರು ಏರಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ಎತ್ತಿ ಮರಿ ಮಾಡಿಸಿ ಹೊಳೆಗೆ ಬಿಟ್ಟರು. 2024ರಲ್ಲಿ ಅದರ ವರದಿ ಪ್ರಕಟವಾಯಿತು. ಹೊಳೆಬದಿಯವರಿಗೆ ಆ ಆಮೆ ಹೊಸತೇನಲ್ಲ. ಕೇಳಿದವರು ಹೊಸಬರು, ಅಷ್ಟೆ.

ಇನ್ನು ನಮ್ಮ ಸಭೆಯ ಕತೆ. ಪಟ್ಟಿ ಓದಿ ಹೇಳಲು ಮಕ್ಕಳನ್ನೇ ನಿಲ್ಲಿಸಿದ್ದೆವು. ಮುಳ್ಳುಹಂದಿಯ ಮುಳ್ಳು, ನವಿಲು, ಕಾಡುಹಂದಿಯ ಹೆಜ್ಜೆ ಅಂತ ಓದುತ್ತಿದ್ದ ಹಾಗೆ ಅಡಿಕೆ ಕೃಷಿಕರೊಬ್ಬರು ಎದ್ದು ನಿಂತರು. "ಹಂದಿಯ ಲೆಕ್ಕ ಯಾಕೆ ಮಾಸ್ಟ್ರೇ? ನನ್ನ ಮರಗೆಣಸಿನ ಲೆಕ್ಕವನ್ನೂ ಬರೆಯಿರಿ." ಸಭೆ ನಕ್ಕಿತು, ಅವರು ನಗಲಿಲ್ಲ. ಅವರ ಮಾತು ನ್ಯಾಯವೇ. ಬೆಳೆ ಹಾಳುಮಾಡುವ ಹಂದಿಗೆ ಗುಂಡು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಪಂಚಾಯತಿಗೇ ಕೊಟ್ಟರು. ಆದರೆ ಎಲ್ಲಿ ಎಷ್ಟು ಹಾಳಾಯಿತು ಎಂಬ ಪಟ್ಟಿ ಅಲ್ಲೂ ಬೇಕಲ್ಲ! ಅವರ ಮರಗೆಣಸನ್ನೂ ಬರೆದುಕೊಂಡೆವು. ಮತ್ತೆ ಯುವಕರ ಪ್ರಶ್ನೆ, ಕೋರೆ ಬೇಡ ಅಂದರೆ ಕೆಲಸ ಯಾರು ಕೊಡುತ್ತಾರೆ ಅಂತ. ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಮಾತಾಡಿದ್ದು ಹಿಂದೆ ಕುಳಿತಿದ್ದ ಸುರಂಗ ತೋಡುವ ಅಜ್ಜ. ಅಡ್ಕದ ಮೇಲೆ ಬಿದ್ದ ಮಳೆ ಕಲ್ಲಿನ ತೂತುಗಳಲ್ಲಿ ಇಳಿದು, ಗುಡ್ಡದ ಬದಿಯ ಸುರಂಗಗಳಲ್ಲಿ ಒಸರುವುದನ್ನು ಅವರು ಕೈಯಾಡಿಸಿ ವಿವರಿಸಿದರು. ತಾನು ಯಾವ ಮನೆಯ ಸುರಂಗವನ್ನು ಎಷ್ಟು ಕೋಲು ಕೊರೆದೆ, ಅದು ಯಾವ ಗುಂಡಿಯ ಕೆಳಗೆ ಬರುತ್ತದೆ ಅಂತ ಒಂದೊಂದಾಗಿ ಹೇಳಿದರು. ಕೆಲಸದ ಪ್ರಶ್ನೆ ಕೇಳಿದ ಯುವಕನ ಮನೆಯ ಸುರಂಗವೂ ಆ ಲೆಕ್ಕದಲ್ಲಿತ್ತು. ಅಜ್ಜ ಹೇಳಿದ್ದನ್ನೆಲ್ಲ ಹಿಡಿದು ಮಕ್ಕಳು ಒಂದು ನಕಾಶೆ ಮಾಡಿದ್ದಾರೆ.

ಕೋರೆಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ನೀರಿನ ಗುಂಡಿಗಳಿರುವ ಭಾಗವನ್ನು ಬಿಡಬೇಕೆಂದು ಸಭೆಯ ಪುಸ್ತಕದಲ್ಲಿ ಬರೆದಾಗಿದೆ, ಸಹಿಯೂ ಬಿದ್ದಿದೆ. ಪಾಳುಭೂಮಿ ಎಂಬ ಶಬ್ದವನ್ನು ಹೊಡೆದುಹಾಕಿ ಅಡ್ಕ ಅಂತ ಬರೆಯಲು ಕಾರ್ಯದರ್ಶಿಯವರು ಮೊದಲು ಒಪ್ಪಲಿಲ್ಲ. ಮಲಯಾಳಂನಲ್ಲಿ ಅದಕ್ಕೇನು ಹೇಳುವುದು ಅಂತ ಕೇಳಿದರು. ಪಾರ ಅಂತ ಬರೆಯಿರಿ, ಪಕ್ಕದಲ್ಲಿ ಅಡ್ಕ ಅಂತಲೂ ಇರಲಿ ಅಂದೆವು. ಎರಡೂ ಬಿದ್ದಿವೆ. ಮುಂದಿನ ಎಣಿಕೆ ಆಗಸ್ಟಿನ ಮೊದಲ ಶನಿವಾರ, ಬೆಳಿಗ್ಗೆ ಏಳಕ್ಕೆ. ಬರುವವರು ಕೊಡೆ ತನ್ನಿ, ಪಾದೆ ಜಾರುತ್ತದೆ.